ಕ್ರೌಡರ್ ಪರವಾಗಿ

ಸಂಜೆ ಇಳಿಯಬೇಕಾಗಿದ್ದ ಸಂಸದರ ವಿಮಾನ ತಡವಾಗಿದೆ ಎಂದು ಎಲ್ಡನ್ ಮರ್ಕಲ್ ಬೆಳಗಿನ ತಿಂಡಿಯ ಹೊತ್ತಿಗೇ ಹೆಂಡತಿಗೆ ಹೇಳಿದ. ಅವನ ಅಂಗಿಗೆ ಇಸ್ತ್ರಿ ಹಾಕುತ್ತಿದ್ದ ಫ್ರಾನ್ ಕೈ ನಿಲ್ಲಿಸಿ ಅವನ ಕಡೆ ನೋಡಿದಳು.

“ಸಂಜೆ ವಿಮಾನ ಬೆಳಿಗ್ಗೇನೇ ತಡ ಆಗೋಯ್ತಾ?”

“ವಾಷಿಂಗ್ಟನ್ನಲ್ಲಿ ಮೋಡ ಕವಿದಿದೆಯಂತೆ.”

“ಅಂದ್ರೆ ಅವನು ಸಭೆಗೆ ಬರಲ್ಲ.”

“ಬರೋಕೆ ಎಲ್ಲಾ ಪ್ರಯತ್ನ ಮಾಡ್ತಿದ್ದಾರೆ.”

“ನನ್ ಹತ್ರಾನಾದ್ರೂ ಮನುಷ್ಯನ ಥರ ಮಾತಾಡು,” ಎಂದಳು ಫ್ರಾನ್. ಸಿಟ್ಟಿನಿಂದೇನೂ ಹೇಳಲಿಲ್ಲ. ಮತ್ತೆ ಇಸ್ತ್ರಿಪೆಟ್ಟಿಗೆ ಎತ್ತಿಕೊಂಡು ತೋಳಿನ ಸುಕ್ಕನ್ನು ನೋಡತೊಡಗಿದಳು.

ಸುಕ್ಕು ಹೋಗುತ್ತಿರಲಿಲ್ಲ. ಅವನು ಅದನ್ನೇ ನೋಡುತ್ತ ಕಾಫಿ ಕುಡಿದ. ಹೆಂಡತಿಗೆ ಸುಳ್ಳು ಹೇಳಬೇಕಾದ ಅಗತ್ಯವಿರಲಿಲ್ಲ ಎಂದು ಕಾಫಿ ಮುಗಿದ ಮೇಲೆ ಹೊಳೆಯಿತು. ಹಿಂದಿನ ದಿನ ವಾಷಿಂಗ್ಟನ್ ಕಚೇರಿಯಿಂದ ಒಬ್ಬ ಹುಡುಗಿ ಫೋನ್ ಮಾಡಿ, ವಿಮಾನದ ವಿಷಯ ಹೀಗೆ ಹೀಗೆ ಹೇಳಿ ಎಂದು ಹೇಳಿಕೊಟ್ಟಿದ್ದಳು. ಮಳೆ ಅನ್ನಬೇಡಿ, ಮೋಡ ಅನ್ನಿ, ಮಳೆ ಬಂತೋ ಇಲ್ಲವೋ ಯಾರಾದರೂ ನೋಡಬಹುದು ಎಂದಿದ್ದಳು. ಅವನು ಹೂಂ ಅಂದಿದ್ದ. ಸಂಸದ ವೆಂಡೆಲ್ ಕ್ರೌಡರ್ ಈ ಬೆಳಿಗ್ಗೆ ಗುಡ್ಡದ ಆಚೆ, ಸರೋವರದ ದಂಡೆಯ ತನ್ನ ಮನೆಯಲ್ಲಿ ಬಹುಶಃ ಇನ್ನೂ ಮಲಗಿದ್ದ. ಆ ಮನೆಯ ಬೀಗ ತೆಗೆಸಿ, ಫ್ರಿಜ್ಜಿನಲ್ಲಿ ಹಾಲು, ಮೊಟ್ಟೆ, ಅವನು ಇಷ್ಟಪಡುವ ಖಾರದ ಸಾಸೇಜು ಇಡಿಸಿದವನು ಎಲ್ಡನ್ನೇ. ವಾರದ ಕೊನೆಯಲ್ಲಿ ಸಂಸಾರ ಸಮೇತ ಸದ್ದಿಲ್ಲದೆ ಬಂದಿದ್ದ ವೆಂಡೆಲ್, ಇವತ್ತು ಸಂಜೆ ಅದೇ ದಂಡೆಯ ಕ್ಲಬ್ಬಿನಲ್ಲಿ ಚುನಾವಣೆಗೆ ದುಡ್ಡು ಕೊಡುವವರ ಜೊತೆ ಊಟ ಮುಗಿಸಿ ನಾಳೆ ಹಾಗೆಯೇ ಹಿಂದಿರುಗುವವನಿದ್ದ. ಇದರಲ್ಲಿ ಕಾನೂನು ಮೀರಿದ್ದು ಏನೂ ಇರಲಿಲ್ಲ. ಹದಿನೇಳು ವರ್ಷ ವೆಂಡೆಲ್ಲನ ಕ್ಷೇತ್ರದ ಕಚೇರಿ ನೋಡಿಕೊಂಡ ಮೇಲೆ ಎಲ್ಡನ್‌ಗೆ, ಒಂದು ಕೆಲಸ ಕಾನೂನು ಮೀರಿಲ್ಲ ಎಂಬುದು ತಲೆದಿಂಬಿನ ಹಾಗೆ ಅಭ್ಯಾಸವಾಗಿಬಿಟ್ಟಿತ್ತು.

ಸಭೆ ಇದ್ದದ್ದು ಅವನು ಮೊದಲು ಪಾಠ ಹೇಳುತ್ತಿದ್ದ ಹೈಸ್ಕೂಲಿನ ಒಳಾಂಗಣ ಆಟದ ಹಾಲ್‌ನಲ್ಲಿ. ರಬ್ಬರು, ಮೇಣ, ಹಳೆಯ ಬೆವರು ಬೆರೆತ ವಾಸನೆ ಬಾಗಿಲಲ್ಲೇ ಮೂಗಿಗೆ ಹತ್ತಿತು. ಯಾವ ಕಾಲದಲ್ಲಿ ಬಂದರೂ ಇದೇ ವಾಸನೆ. ಓಹಾಯೊ ನದಿಯ ಮಂಜು ಕಿಟಕಿಗೆ ಅಂಟಿಕೊಂಡಿದ್ದ ಬೆಳಿಗ್ಗೆಗಳಲ್ಲಿ ಇದೇ ವಾಸನೆ ದಾಟಿಕೊಂಡು ಅವನು ಪೌರನೀತಿಯ ತರಗತಿಗೆ ಹೋಗುತ್ತಿದ್ದ. ಆಳುವವರು ಯಾರಿಗೆ ಉತ್ತರ ಕೊಡಬೇಕು ಎಂದು ಕರಿಹಲಗೆಯ ಮೇಲೆ ಬರೆದು ಮಕ್ಕಳ ಕಡೆ ತಿರುಗುತ್ತಿದ್ದ. ಮಕ್ಕಳು ಆಕಳಿಸುತ್ತಿದ್ದರು. ವೇದಿಕೆಯ ಮೇಲೆ ಯಾರೋ ಎರಡು ಕುರ್ಚಿ ಹಾಕಿದ್ದರು, ನಡುವೆ ದೊಡ್ಡದು, ಬದಿಯಲ್ಲಿ ಸಣ್ಣದು. ಸಣ್ಣದರ ಮುಂದಿದ್ದ ರಟ್ಟಿನ ಮೇಲೆ ಅವನ ಹೆಸರು, ಅದರ ಕೆಳಗೆ ‘ಸಂಸದ ಕ್ರೌಡರ್ ಪರವಾಗಿ’ ಎಂದಿತ್ತು. ಅವನ ಹೆಸರಿನಲ್ಲಿ ಒಂದು ಅಕ್ಷರ ತಪ್ಪಾಗಿತ್ತು. ಸರಿಪಡಿಸೋಣ ಎಂದು ಜೇಬಿನಿಂದ ಪೆನ್ನು ತೆಗೆದವನು, ಜನ ನೋಡುತ್ತಿದ್ದಾರೆ ಎನ್ನಿಸಿ ಮತ್ತೆ ಜೇಬಿಗೆ ಹಾಕಿಕೊಂಡ. ಹಾಲ್ ತುಂಬಿತ್ತು. ಕುರ್ಚಿಗಳ ಸಾಲುಗಳಲ್ಲಿ ಅವನಿಗೆ ಗೊತ್ತಿಲ್ಲದ ಮುಖ ಕಡಿಮೆ. ಅರ್ಧದಷ್ಟು ಜನರ ಉತ್ತರಪತ್ರಿಕೆ ತಿದ್ದಿದವನು ಅವನೇ. ಗಲ್ಲ ಜೋತುಬಿದ್ದ, ಕೂದಲುದುರಿದ ಆ ಮುಖಗಳ ಒಳಗಿನಿಂದ ಹದಿನೈದರ ಮುಖಗಳು ಒಂದೊಂದಾಗಿ ಮೇಲೆ ಬಂದು ಮುಳುಗುತ್ತಿದ್ದವು.

ಸಂಸದರ ವಿಮಾನ ಮೋಡದಿಂದಾಗಿ ತಡವಾಗಿದೆ, ನಿಮ್ಮ ಮಾತುಗಳನ್ನೆಲ್ಲ ನಾನು ಅವರಿಗೆ ಮುಟ್ಟಿಸುತ್ತೇನೆ ಎಂದು ಅವನು ಮೈಕಿನಲ್ಲಿ ಹೇಳಿದ. ಮೈಕು ಕುಳ್ಳಗಿತ್ತು, ಬಗ್ಗಬೇಕಾಯಿತು. ಬಗ್ಗಿದಾಗ ಹೊಟ್ಟೆ ಮೇಜಿಗೆ ಒತ್ತಿ ದನಿ ಹಿಸುಕಿದಂತೆ ಬಂತು. ಯಾರೂ ಗಲಾಟೆ ಮಾಡಲಿಲ್ಲ. ಅವನು ನಿರೀಕ್ಷಿಸಿದ್ದ ಕೂಗಾಟಕ್ಕೆ ಮೈಯನ್ನು ಬಿಗಿಹಿಡಿದಿದ್ದ. ಅದು ಬಾರದೆ ಹೋದಾಗ ಬಿಗಿ ಸಡಿಲಿಸುವುದು ಹೇಗೆಂದು ತಿಳಿಯಲಿಲ್ಲ. ಡ್ವೈಟ್ ಪೆಲ್ಫ್ರಿ ಎಂಬ ಲಾರಿ ಡ್ರೈವರ್, ಅವನ ತರಗತಿಯಲ್ಲಿ ಎರಡು ಸಲ ಫೇಲಾದವನು, ಒಂದು ದೊಡ್ಡ ಹಾಲಿನ ಡಬ್ಬ ಹಿಡಿದುಕೊಂಡು ವೇದಿಕೆ ಹತ್ತಿದ. ಹಿಂದೆಲ್ಲ ಕಾಣೆಯಾದ ಮಕ್ಕಳ ಚಿತ್ರ ಹಾಲಿನ ಡಬ್ಬದ ಮೇಲೆ ಅಚ್ಚಾಗುತ್ತಿತ್ತಲ್ಲ, ಹಾಗೆ ವೆಂಡೆಲ್ಲನ ಫೋಟೊ ಅದಕ್ಕೆ ಅಂಟಿಸಿದ್ದ.

“ಇದನ್ನ ಅವನ ಕುರ್ಚಿ ಮೇಲಿಡ್ತೀನಿ ಮೇಷ್ಟ್ರೇ. ತಪ್ಪು ತಿಳ್ಕೋಬೇಡಿ. ಯಾರಿಗಾದ್ರೂ ಸಿಕ್ಕಿದ್ರೆ ಮನೆಗೆ ತಲುಪಿಸ್ಲಿ ಪಾಪ.”

ಜನ ನಕ್ಕರು. ಎಲ್ಡನ್ ಕೂಡ ನಕ್ಕ. ನಕ್ಕ ಮೇಲೆ, ಕ್ರೌಡರ್ ಪರವಾಗಿ ಕೂತವನು ನಗಬಹುದೇ ಎಂಬ ಅನುಮಾನ ಬಂದು ತುಟಿಯನ್ನು ಅರ್ಧಕ್ಕೆ ನಿಲ್ಲಿಸಿದ; ಅದು ಇನ್ನೂ ಕೆಟ್ಟದಾಗಿ ಕಂಡಿರಬೇಕು, ಮುಂದಿನ ಸಾಲಿನ ಒಬ್ಬಳು ತಲೆ ತಗ್ಗಿಸಿಕೊಂಡಳು. ರಸ್ತೆಯ ಬಗ್ಗೆ ಕೇಳಿದರು, ಔಷಧಿಯ ಬೆಲೆಯ ಬಗ್ಗೆ ಕೇಳಿದರು, ಯುದ್ಧದಿಂದ ಬಂದ ಮಗನಿಗೆ ಡಾಕ್ಟರು ಸಿಗದ ಬಗ್ಗೆ ಒಬ್ಬ ಮುದುಕ ಕೇಳಲು ಹೊರಟು ನಡುವೆ ಮರೆತು ಕೂತ. ಮುಟ್ಟಿಸುತ್ತೇನೆ, ಮುಟ್ಟಿಸುತ್ತೇನೆ ಎನ್ನುತ್ತ ಎಲ್ಡನ್ ಬರೆದುಕೊಳ್ಳುತ್ತಿದ್ದ. ಹಲ್ಲಿನ ಡಾಕ್ಟರು ಸೂಜಿ ಚುಚ್ಚಿದ ಮೇಲೆ ತುಟಿ ಇರುತ್ತದಲ್ಲ, ಮುಟ್ಟಿದರೆ ಯಾರದೋ ತುಟಿ ಮುಟ್ಟಿದ ಹಾಗೆ, ಇಡೀ ಮೈ ಹಾಗಿತ್ತು.

ಆಮೇಲೆ ಟ್ರೂಡಿ ವೋಗೆಲ್ ಎದ್ದಳು. ಹೊಲಗದ್ದೆಗೆ ಬೇಕಾದ್ದನ್ನೆಲ್ಲ ಮಾರುವ ಅಂಗಡಿಯಲ್ಲಿ ಗಲ್ಲಾಪೆಟ್ಟಿಗೆಯ ಮುಂದೆ ಕೂರುವವಳು. ಕೆಲಸದಿಂದ ನೇರ ಬಂದಿದ್ದಳೇನೋ, ಅಂಗಡಿಯ ಹಸಿರು ಏಪ್ರನ್ ಇನ್ನೂ ಮೈಮೇಲಿತ್ತು. ಶಾಲೆಯಲ್ಲಿ ಅವಳ ಪಕ್ಕದ ಬೆಂಚಿನಲ್ಲಿ ಕೂರುತ್ತಿದ್ದ ಲೀಲೆಂಡ್‌ನನ್ನೇ ಮದುವೆಯಾಗಿದ್ದಳು. ಎಲ್ಡನ್ ಗೌರವಕ್ಕೆಂದು ಎದ್ದು ನಿಂತ.

“ಕೂತ್ಕೊಳ್ಳಿ ಮೇಷ್ಟ್ರೇ, ನಿಮ್ಮನ್ನ ಬಯ್ಯೋಕೆ ಬಂದಿಲ್ಲ ನಾನು. ಕಳೆದ ಚುನಾವಣೇಲಿ ಅವನು ಇಲ್ಲೇ, ಇದೇ ಜಾಗದಲ್ಲಿ ನಿಂತ್ಕೊಂಡು, ನಮ್ಮ ಆಸ್ಪತ್ರೆ ಮುಚ್ಚೋಕೆ ಬಿಡಲ್ಲ ಅಂದ. ನಾವೆಲ್ಲ ಚಪ್ಪಾಳೆ ಹೊಡೆದ್ವಿ. ಆಮೇಲೆ ಅಲ್ಲಿ ಹೋಗಿ ಅದನ್ನ ಮುಚ್ಚೋ ಮಸೂದೆಗೇ ಕೈ ಎತ್ತಿದ. ಜನವರೀಲಿ ಬೀಗ ಬಿತ್ತು. ಮಾರ್ಚಲ್ಲಿ ಲೀಲೆಂಡ್‌ಗೆ ಎದೆನೋವು ಬಂತು. ಆಂಬುಲೆನ್ಸ್ ನದಿ ದಾಟಿ ಆಚೆ ಊರಿಗೆ ಹೋಗ್ಬೇಕು. ಸೇತುವೆ ಮೇಲೆ ಅವನು ನನ್ನ ಕೈ ಬಿಟ್ಟ. ಹಿಡ್ಕೊಂಡಿದ್ದ, ಬಿಟ್ಟ, ಅಷ್ಟೇ.” ಅವಳು ಸ್ವಲ್ಪ ಹೊತ್ತು ಏಪ್ರನ್ನಿನ ಜೇಬಿನಲ್ಲಿ ಏನೋ ಹುಡುಕುವವಳಂತೆ ನಿಂತಳು. “ನಂಗೆ ಪರಿಹಾರ ಬೇಡ. ಏನೂ ಬೇಡ. ಯಾಕೆ ಕೈ ಎತ್ತಿದೆ ಅಂತ ನನ್ ಮುಖ ನೋಡ್ಕೊಂಡು ಹೇಳ್ಲಿ. ಸುಳ್ಳೇ ಹೇಳ್ಲಿ ಬೇಕಾದ್ರೆ. ಮುಖ ನೋಡ್ಕೊಂಡು ಹೇಳ್ಲಿ. ಎಲ್ಲಿದ್ದಾನೆ ಅವನು?”

“ವಿಮಾನ…” ಎಂದ ಎಲ್ಡನ್. “ವಾಷಿಂಗ್ಟನ್ನಿಂದ ಇನ್ನೂ ಹೊರಟಿಲ್ಲ ಅಂತ ಸುದ್ದಿ ಬಂದಿದೆ.”

ಹಾಲ್ ತುಂಬ ಮೌನ. ಆ ಮೌನವನ್ನು ಅವನು ನಂಬಿಕೆ ಎಂದುಕೊಂಡ. ಒಳಗೆಲ್ಲೋ ಸಣ್ಣ ಸಮಾಧಾನವೂ ಆಯಿತು, ಮತ್ತು ಆ ಸಮಾಧಾನದ ಮೇಲೆ ಅಸಹ್ಯ; ಆದರೆ ಅಸಹ್ಯವೂ ದೂರದ ಕೋಣೆಯ ರೇಡಿಯೋದಂತೆ, ಮಾತು ಕೇಳುತ್ತದೆ, ಏನೆಂದು ತಿಳಿಯುವುದಿಲ್ಲ. ಆಸ್ಪತ್ರೆ ಮುಚ್ಚಲು ಬಿಡುವುದಿಲ್ಲ ಎಂಬ ಮಾತನ್ನು ವೆಂಡೆಲ್ಲನ ಭಾಷಣಕ್ಕೆ ಸೇರಿಸಿದವನು ಅವನೇ. ಜನ ಅದನ್ನೇ ಕಾಯುತ್ತಿದ್ದಾರೆ, ಒಂದು ಮಾತು ಹೇಳಿಬಿಡಿ ಎಂದಿದ್ದ. ವೆಂಡೆಲ್ ಒಂದು ಮಾತು ಹೇಳಿದ್ದ, ಚೆನ್ನಾಗಿ ಹೇಳಿದ್ದ. ಹುಡುಗನಾಗಿದ್ದಾಗಲೂ ಅವನು ಮಾತನ್ನು ಚೆನ್ನಾಗಿ ಹೇಳುತ್ತಿದ್ದ. ಒಂದು ಸಲ ವಿಜ್ಞಾನದ ಪ್ರಯೋಗಶಾಲೆಯ ನಲ್ಲಿ ತಿರುಗಿಸಿದವನು ಮುಚ್ಚುವುದನ್ನು ಮರೆತು, ರಾತ್ರಿಯೆಲ್ಲ ನೀರು ಹರಿದು, ಕೆಳಗಿನ ಲೈಬ್ರರಿಯ ಪುಸ್ತಕಗಳೆಲ್ಲ ಊದಿಕೊಂಡಿದ್ದವು. ಬೆಳಿಗ್ಗೆ ಎಲ್ಡನ್ನನ ತರಗತಿಯಲ್ಲಿ ಹುಡುಗ ಎದ್ದು ನಿಂತು, ಅದು ನಾನೇ ಸರ್, ಬೇರೆ ಯಾರನ್ನೂ ಬಯ್ಯಬೇಡಿ ಎಂದ. ಹದಿನಾರರ ಹುಡುಗ, ನೇರ ಬೆನ್ನು, ತುಂಬಿದ ಕಣ್ಣು. ಎಲ್ಡನ್‌ಗೆ ಎದೆ ತುಂಬಿ ಬಂದಿತ್ತು; ಹೊಣೆ ಹೊರುವುದೆಂದರೆ ಹೀಗೆ ಎಂದು ಇಡೀ ತರಗತಿಯ ಮುಂದೆ ಅವನ ಬೆನ್ನು ತಟ್ಟಿದ್ದ. ಮಕ್ಕಳು ಚಪ್ಪಾಳೆ ತಟ್ಟಿದರು. ಆ ಮಧ್ಯಾಹ್ನ ಜವಾನನ ಜೊತೆ ಮಂಡಿಯೂರಿ ಲೈಬ್ರರಿಯ ನೆಲದ ನೀರನ್ನು ಬಟ್ಟೆಯಲ್ಲಿ ಹಿಂಡಿ ಹಿಂಡಿ ಬಕೆಟ್ಟಿಗೆ ಬಿಟ್ಟವನು ಎಲ್ಡನ್. ಕಿಟಕಿಯಾಚೆ ಮೈದಾನದಲ್ಲಿ ವೆಂಡೆಲ್ ಬೇಸ್‌ಬಾಲ್ ಆಡುತ್ತಿದ್ದ. ಅವನನ್ನು ಕರೆಯಬೇಕೆಂದು ಯಾರಿಗೂ ಹೊಳೆಯಲಿಲ್ಲ. ಎಲ್ಡನ್‌ಗೂ ಹೊಳೆಯಲಿಲ್ಲ. ಇಷ್ಟು ವರ್ಷಗಳ ಮೇಲೆ, ಮೈಕಿನ ಮುಂದೆ ಬಗ್ಗಿ, “ಖಂಡಿತ ಮುಟ್ಟಿಸ್ತೀನಿ ಟ್ರೂಡಿ” ಎಂದು ಹೇಳಿದ ಕ್ಷಣದಲ್ಲಿ ಅದು ಹೊಳೆಯಿತು.

ಜನ ಹೊರಟುಹೋದರು. ಹೋಗುವಾಗ ಕೆಲವರು ಕೈ ಕುಲುಕಿದರು, ಫ್ರಾನ್ ಹೇಗಿದ್ದಾಳೆ ಎಂದು ಕೇಳಿದರು. ಡ್ವೈಟ್ ಹಾಲಿನ ಡಬ್ಬವನ್ನು ಮರೆತು ಹೋಗಿದ್ದ, ಅಥವಾ ಬಿಟ್ಟು ಹೋಗಿದ್ದ. ಬಾಡಿಗೆ ಕುರ್ಚಿಗಳನ್ನು ಮಡಚಿ ಗೋಡೆಗೆ ಒರಗಿಸಬೇಕಿತ್ತು. ಎಲ್ಡನ್ ಕೋಟು ತೆಗೆದಿಟ್ಟು ಶುರು ಮಾಡಿದ. ಸ್ವಲ್ಪ ಹೊತ್ತಿನ ಮೇಲೆ ಹಾಲ್‌ನ ಇನ್ನೊಂದು ತುದಿಯಿಂದಲೂ ಕುರ್ಚಿ ಮಡಚುವ ಸದ್ದು ಬಂತು. ನೋಡಿದರೆ ಟ್ರೂಡಿ.

“ನೀನ್ಯಾಕಮ್ಮ, ಬಿಡು. ನಾನು ಮಾಡ್ಕೋತೀನಿ.”

“ನಿಮ್ಮ ಸೊಂಟ ಸರಿ ಇಲ್ಲ ಅಂತ ಇಡೀ ಊರಿಗೇ ಗೊತ್ತು,” ಎಂದಳು. ಎರಡೆರಡು ಕುರ್ಚಿ ಒಟ್ಟಿಗೆ ಎತ್ತುತ್ತಿದ್ದಳು. ಮಡಚುತ್ತ ಮಡಚುತ್ತ ಇಬ್ಬರೂ ಹಾಲ್‌ನ ನಡುವಿಗೆ ಬಂದರು.

“ಬೇಜಾರು ಮಾಡ್ಕೋಬೇಡಿ ಮೇಷ್ಟ್ರೇ, ಎಲ್ಲಾರ ಮುಂದೆ ನಿಮ್ಮನ್ನ ಹಾಗೆ ನಿಲ್ಲಿಸ್ಬಿಟ್ಟೆ. ನಿಮ್ಮ ಕೈಲೇನಿದೆ, ಪಾಪ.”

ಬೈಗುಳ ತಿಂದು ಬರಲು ಸಿದ್ಧನಾಗಿದ್ದವನಿಗೆ ಈ ‘ಪಾಪ’ ಎಲ್ಲಿ ಇಟ್ಟುಕೊಳ್ಳಬೇಕೆಂದು ತಿಳಿಯಲಿಲ್ಲ. ಇನ್ನೊಂದು ಕುರ್ಚಿ ಮಡಚಿದ. ಆಮೇಲೆ, ಹೇಳಬೇಕೆಂದು ತೀರ್ಮಾನಿಸದೆಯೇ, ಬಾಯಿ ತಾನಾಗಿ ತೆರೆದುಕೊಂಡಿತು.

“ಅವನು ವಾಷಿಂಗ್ಟನ್ನಲ್ಲಿಲ್ಲ ಟ್ರೂಡಿ. ಇಲ್ಲೇ ಇದ್ದಾನೆ. ಸರೋವರದ ಮನೇಲಿ.”

“ಗೊತ್ತು,” ಎಂದಳು ಅವಳು. “ಮಧ್ಯಾಹ್ನ ನಮ್ಮ ಅಂಗಡಿಗೆ ಬಂದಿದ್ದ. ಮೀನು ಹಿಡಿಯೋ ಗಾಳದ ದಾರ ತಗೊಂಡ. ನಾನೇ ಬಿಲ್ ಮಾಡ್ದೆ.”

ಎಲ್ಡನ್ ಕುರ್ಚಿಯನ್ನು ಹಿಡಿದೇ ನಿಂತ. “ಎದುರಿಗೇ ಇದ್ನಾ? ಮತ್ತೆ ಅಲ್ಲೇ ಕೇಳ್ಬೋದಿತ್ತಲ್ಲ.”

“ಕೇಳ್ಬೇಕು ಅಂತ ಬಾಯಿ ತೆಗೆದೆ ಮೇಷ್ಟ್ರೇ. ಚೀಲ ಬೇಕಾ ಅಂತ ಕೇಳ್ದೆ.” ಟ್ರೂಡಿ ನಕ್ಕಹಾಗೆ ಮಾಡಿದಳು. “ಅವನೇ ಕೇಳ್ದ, ಲೀಲೆಂಡ್ ಹೇಗಿದ್ದಾನೆ ಅಂತ. ಎಷ್ಟು ಪ್ರೀತಿಯಿಂದ ಕೇಳ್ದ ಅಂತೀರಿ. ಚೆನ್ನಾಗಿದ್ದಾನೆ ಅಂದೆ. ಅವನ ಹಿಂದೆ ಸಾಲಲ್ಲಿ ಇಬ್ರು ಮೂವರು ಕಾಯ್ತಿದ್ರು.”

“ಬೇರೆಯವರಿಗೆ ಗೊತ್ತಾ? ಅವನು ಇಲ್ಲೇ ಇರೋದು?”

“ಈ ಊರಲ್ಲಿ ಯಾರಿಗೆ ಗೊತ್ತಿಲ್ಲ? ಪೆಟ್ರೋಲ್ ಹಾಕಿದವನಿಗೆ ಗೊತ್ತು, ಕ್ಲಬ್ಬಿನ ಅಡುಗೆಯವಳ ಗಂಡ ನಮ್ಮ ಎರಡನೇ ಸಾಲಲ್ಲೇ ಕೂತಿದ್ದ.”

“ಮತ್ತೆ ಎಲ್ಲಾ ಯಾಕೆ ಬಂದ್ರಿ?”

ಟ್ರೂಡಿ ಕೊನೆಯ ಕುರ್ಚಿಯನ್ನು ಗೋಡೆಗೆ ಒರಗಿಸಿ, ಏಪ್ರನ್ನಿಗೆ ಕೈ ಒರೆಸಿಕೊಂಡಳು. ಉತ್ತರ ಹುಡುಕಬೇಕಾದಷ್ಟು ಕಷ್ಟದ ಪ್ರಶ್ನೆ ಎಂದು ಅವಳಿಗೆ ಅನ್ನಿಸಿದಂತಿರಲಿಲ್ಲ.

“ಯಾರಿಗಾದ್ರೂ ಹೇಳ್ಬೇಕಲ್ಲ. ನೀವು ಕೂತಿರ್ತೀರಿ ಅಂತ ಗೊತ್ತಿತ್ತು.”

ಅವಳು ಹೋದ ಮೇಲೆ ದೀಪ ಆರಿಸಿ, ಬೀಗ ಹಾಕಿ ಅವನು ಹೊರಗೆ ಬಂದ. ಜೂನ್ ತಿಂಗಳ ಬಿಸಿಲು ಇನ್ನೂ ಶಾಲೆಯ ಇಟ್ಟಿಗೆ ಗೋಡೆಯ ಮೇಲಿತ್ತು. ಮನೆಗೆ ಬಲಕ್ಕೆ ತಿರುಗಬೇಕಿದ್ದ ಕಾರು ಎಡಕ್ಕೆ ತಿರುಗಿತು. ಗುಡ್ಡ ಹತ್ತುವ ದಾರಿಯುದ್ದಕ್ಕೂ ಅವನು ಮಾತು ಜೋಡಿಸುತ್ತಿದ್ದ. ಏಕವಚನದಲ್ಲಿ ಮಾತಾಡಬೇಕು ಎಂದುಕೊಂಡ, ತರಗತಿಯಲ್ಲಿ ಆಡುತ್ತಿದ್ದ ಹಾಗೆ: ವೆಂಡೆಲ್, ಎದ್ದು ನಿಲ್ಲು. ಯಾವಾಗ ಅವನನ್ನು ನೀವು ಎನ್ನಲು ಶುರು ಮಾಡಿದ್ದು? ಮೊದಲ ಚುನಾವಣೆ ಗೆದ್ದ ರಾತ್ರಿಯಂತೂ ಅಲ್ಲ, ಆಗ ಅವನನ್ನು ತಬ್ಬಿಕೊಂಡು ನೀನು ನೀನು ಎಂದೇ ಕೂಗಾಡಿದ್ದ. ಎರಡನೆಯದಾದ ಮೇಲೋ, ಮೂರನೆಯದಾದ ಮೇಲೋ. ಯಾರೂ ಹೇಳಿಕೊಡಲಿಲ್ಲ; ಕೂದಲು ನರೆತ ಹಾಗೆ ಆಯಿತು. ದಾರಿಯಲ್ಲಿ ಮುಚ್ಚಿದ ಆಸ್ಪತ್ರೆ ಬಂತು. ಬೋರ್ಡು ಕಿತ್ತ ಜಾಗದಲ್ಲಿ ಗೋಡೆ ಬೇರೆ ಬಣ್ಣಕ್ಕಿತ್ತು, ಕಾರು ನಿಲ್ಲಿಸುವ ಜಾಗದಲ್ಲಿ ಇಬ್ಬರು ಹುಡುಗಿಯರು ಸ್ಕೇಟಿಂಗ್ ಆಡುತ್ತಿದ್ದರು. ತನಗೆ ಸಿಟ್ಟು ಬರುತ್ತದೇನೋ ಎಂದು ಕಾದು ನೋಡಿದ. ಕಾರಿನ ವೇಗ ಒಂದೇ ಸಮ ಇತ್ತು.

ಕ್ಲಬ್ಬಿನ ಜಗಲಿಯಲ್ಲಿ ಗಾಜಿನ ಲೋಟಗಳ ಸದ್ದು, ಗಂಡಸರ ನಗು. ಕೆಲಸದವಳ ಹತ್ತಿರ ಹೇಳಿ ಕಳಿಸಿದ ಮೇಲೆ ವೆಂಡೆಲ್ ಕೈಯಲ್ಲಿ ನ್ಯಾಪ್ಕಿನ್ ಹಿಡಿದೇ ಹೊರಗೆ ಬಂದ. ಮುಖ ಬಿಸಿಲಿಗೆ ಕೆಂಪಾಗಿತ್ತು. ಎಲ್ಡನ್ನನ ಹೆಗಲ ಮೇಲೆ ಕೈಯಿಟ್ಟ. ಆ ಕೈ ಯಾವಾಗಲೂ ಬೆಚ್ಚಗಿರುತ್ತಿತ್ತು.

“ಬನ್ನಿ ಮೇಷ್ಟ್ರೇ. ಹೇಗಾಯ್ತು? ತುಂಬಾ ಕಾಟ ಕೊಟ್ರಾ?”

“ನೀವು ಇಲ್ಲಿರೋದು ಅವರಿಗೆಲ್ಲ ಗೊತ್ತಿತ್ತು.” ನೀವು ಎಂದೇ ಬಾಯಿಗೆ ಬಂತು.

“ಗೊತ್ತಿರುತ್ತೆ ಬಿಡಿ. ಅಂಗೈ ಅಗಲದ ಊರು.”

“ನಿಮಗೆ ಗೊತ್ತಿತ್ತಾ, ಅವರಿಗೆ ಗೊತ್ತು ಅಂತ?”

“ಮಧ್ಯಾಹ್ನ ನಾನೇ ಊರೆಲ್ಲ ಸುತ್ತಿ ಬಂದ್ನಲ್ಲ.” ವೆಂಡೆಲ್‌ಗೆ ಪ್ರಶ್ನೆ ಅರ್ಥವಾಗಿರಲಿಲ್ಲ.

“ಹಾಗಿದ್ರೆ ವಿಮಾನ ಅಂತ ಯಾಕೆ ಹೇಳಿಸಿದ್ರಿ?”

ವೆಂಡೆಲ್ ನಿಜವಾಗಿಯೂ ಯೋಚಿಸಿದ. ಮೋಸದ ಲವಲೇಶವೂ ಆ ಮುಖದಲ್ಲಿರಲಿಲ್ಲ. “ಬರೋಕೆ ಮನಸ್ಸಿಲ್ಲ ಅಂತ ಹೇಳೋಕಾಗುತ್ತಾ ಮೇಷ್ಟ್ರೇ? ಅವರಿಗೆ ಅವಮಾನ ಆಗಲ್ವಾ? ಏನಾದ್ರೂ ಒಂದು ಹೇಳ್ಬೇಕು. ಹೇಳಿದ್ದು ಅವರೂ ಕೇಳಿಸ್ಕೋತಾರೆ. ಯಾರಿಗೂ ನಷ್ಟ ಇಲ್ಲ.”

ಹಾಗಾದರೆ ಆ ಇಡೀ ಹಾಲ್‌ನಲ್ಲಿ ವಿಮಾನದ ಸುಳ್ಳು ನಡೆಯುತ್ತಿದೆ ಎಂದು ನಂಬಿದವನು ತಾನೊಬ್ಬನೇ. ಎಲ್ಡನ್ ನೀರಿನ ಕಡೆ ನೋಡಿದ. ದೋಣಿಯೊಂದು ದಡಕ್ಕೆ ಬರುತ್ತಿತ್ತು, ಅದರೊಳಗಿನವರು ಯಾರಿಗೋ ಕೈ ಬೀಸುತ್ತಿದ್ದರು.

“ಲೀಲೆಂಡ್ ವೋಗೆಲ್ ತೀರ್ಕೊಂಡ. ಮಾರ್ಚಲ್ಲಿ. ಆಚೆ ಊರಿನ ಆಸ್ಪತ್ರೆಗೆ ಹೋಗೋ ದಾರೀಲಿ.”

ವೆಂಡೆಲ್ಲನ ಕೈ ಹೆಗಲಿನಿಂದ ಇಳಿಯಿತು. “ಇವತ್ತು ಟ್ರೂಡಿ ಸಿಕ್ಕಿದ್ಲಲ್ಲ. ಚೆನ್ನಾಗಿದ್ದಾನೆ ಅಂದ್ಲು.” ಅವನ ಕಣ್ಣು ತುಂಬಿತು. ನಟನೆಯಲ್ಲ, ಎಲ್ಡನ್ ಅದನ್ನು ಬಲ್ಲ. “ಛೇ. ನಂಗೆ ಗೊತ್ತಿರ್ಬೇಕಿತ್ತು. ನಾನು ಇಂಥದ್ರಲ್ಲೆಲ್ಲ ಹಿಂದೆ ಬಿದ್ಬಿಡ್ತೀನಿ ಮೇಷ್ಟ್ರೇ. ಹೂ ಕಳಿಸ್ಬೇಕಿತ್ತು.”

“ಕಳಿಸಿದ್ದೀನಿ. ಆಗಲೇ. ನಿಮ್ಮ ಹೆಸರಲ್ಲಿ ನಾನೇ ಕಳಿಸಿದೆ.”

“ಹೌದಾ?” ವೆಂಡೆಲ್ ಉಸಿರು ಬಿಟ್ಟ. ಮುಖಕ್ಕೆ ಬಣ್ಣ ಮರಳಿತು. “ಸದ್ಯ. ನೀವಿಲ್ದೆ ಹೋಗಿದ್ರೆ ನನ್ನ ಗತಿ ಏನು.”

ಯಾಕೆ ಕೈ ಎತ್ತಿದೆ ಎಂದು ಅವಳು ಕೇಳಿದಳು, ಅದನ್ನು ಮುಟ್ಟಿಸಬೇಕಿತ್ತು. ಅದಕ್ಕೇ ಬಂದದ್ದು. ಮಾತು ಗಂಟಲಿನವರೆಗೆ ಬಂದಿತ್ತು, ಏಕವಚನದಲ್ಲೇ ಬಂದಿತ್ತು. ಅಷ್ಟರಲ್ಲಿ ಒಳಗಿನಿಂದ ಯಾರೋ ವೆಂಡೆಲ್ಲನನ್ನು ಕರೆದರು. ಅವನು ಬಂದೆ ಎನ್ನುತ್ತ ಹಿಂದೆ ತಿರುಗಿದವನು ಮತ್ತೆ ನಿಂತು ಎಲ್ಡನ್ನನ ಮುಖವನ್ನು ಮೊದಲ ಸಲವೆಂಬಂತೆ ನೋಡಿದ.

“ಊಟ ಮಾಡಿದ್ರಾ ನೀವು? ಇಲ್ಲ ಅನ್ಸುತ್ತೆ. ನಿಲ್ಲಿ, ಹಾಗೇ ಹೋಗ್ಬೇಡಿ.”

ಬಾಗಿಲಲ್ಲಿ ನಿಂತಿದ್ದ ಕೆಲಸದವಳಿಗೆ ಹೇಳಿದರೂ ಆಗುತ್ತಿತ್ತು. ಅವನೇ ಒಳಗೆ ಹೋಗಿ, ಒಂದು ತಟ್ಟೆಯನ್ನು ಬೆಳ್ಳಿಬಣ್ಣದ ಹಾಳೆಯಲ್ಲಿ ಅಚ್ಚುಕಟ್ಟಾಗಿ ಮುಚ್ಚಿ ತಂದು, ಅದನ್ನು ಎಲ್ಡನ್ನನ ಎರಡೂ ಕೈಗಳ ಮೇಲಿಟ್ಟ. ಬಿಸಿ ಇದೆ, ಹುಷಾರು ಎಂದ. ಒಳಗೆ ಹೋದ. ನಗು ಅವನನ್ನು ಬರಮಾಡಿಕೊಂಡಿತು.

ಎಲ್ಡನ್ ಕಾರಿಗೆ ಬಂದು ಕೂತ. ತಟ್ಟೆ ತೊಡೆಯ ಮೇಲಿತ್ತು, ಬಿಸಿ ಪ್ಯಾಂಟಿನೊಳಗೆ ಇಳಿಯುತ್ತಿತ್ತು. ದಿನವಿಡೀ ಕಾಫಿ ಬಿಟ್ಟು ಬೇರೇನೂ ಹೊಟ್ಟೆಗೆ ಬಿದ್ದಿರಲಿಲ್ಲ. ಮನೆಗೆ ಒಯ್ದು ನಾಯಿಗೆ ಹಾಕುವುದು ಎಂದು ಮೊದಲು ತೀರ್ಮಾನಿಸಿದ. ಅವರ ಮನೆಯಲ್ಲಿ ನಾಯಿ ಇರಲಿಲ್ಲ. ಹಾಳೆಯ ಒಂದು ಮೂಲೆ ಎತ್ತಿದ. ಬೇಯಿಸಿದ ಗೋಮಾಂಸದ ದಪ್ಪ ತುಂಡು, ಬೆಣ್ಣೆಯಲ್ಲಿ ಹೊಳೆಯುವ ಆಲೂಗಡ್ಡೆ, ಎಳೆ ಜೋಳದ ಕಾಳು. ಚಮಚ, ಫೋರ್ಕು ಏನೂ ಕೊಟ್ಟಿರಲಿಲ್ಲ. ಬೆರಳಿನಿಂದ ಒಂದು ಚೂರು ಹರಿದು ಬಾಯಿಗೆ ಹಾಕಿಕೊಂಡ. ಬೆಳಗಿನಿಂದ ಏನೂ ತಿಳಿಯದ ತುಟಿಗೆ, ನಾಲಗೆಗೆ ಉಪ್ಪು ತಿಳಿಯಿತು, ಕೊಬ್ಬು ತಿಳಿಯಿತು, ಹೊಗೆಯ ಸಣ್ಣ ಕಹಿ ತಿಳಿಯಿತು. ಮಾಂಸ ಬಹಳ ಮೃದುವಾಗಿತ್ತು. ಅವನು ಇನ್ನೊಂದು ಚೂರು ಹರಿದ. ಟ್ರೂಡಿಯ ಮಾತನ್ನು ಮುಟ್ಟಿಸಿಯೇ ಹೋಗುವುದು, ಇದು ತಿಂದಾದ ಮೇಲೆ ಮತ್ತೆ ಒಳಗೆ ಹೋಗುವುದು ಎಂದುಕೊಂಡ. ಆಲೂಗಡ್ಡೆ ತಿಂದ. ಜೋಳವನ್ನು ಒಂದೊಂದೇ ಹೆಕ್ಕಿ ತಿಂದ. ಹಾಳೆಗೆ ಅಂಟಿದ್ದ ರಸವನ್ನು ಬೆರಳಿನಿಂದ ಬಳಿದು ನೆಕ್ಕಿದ. ನೀರಿನ ಮೇಲೆ ಬೆಳಕು ಕಂದುತ್ತಿತ್ತು; ಕ್ಲಬ್ಬಿನ ಕಿಟಕಿಗಳಲ್ಲಿ ದೀಪ ಹತ್ತಿಸಿದರು, ಒಳಗೆ ಯಾರೋ ಎದ್ದು ನಿಂತು ಮಾತಾಡುತ್ತಿದ್ದರು, ಉಳಿದವರು ತಲೆಯೆತ್ತಿ ಕೇಳುತ್ತಿದ್ದರು. ತಟ್ಟೆ ಖಾಲಿಯಾಗಿತ್ತು. ಅವನು ಕಾರಿನ ಬಾಗಿಲು ತೆರೆದು ಒಂದು ಕಾಲು ಹೊರಗಿಟ್ಟ. ಒಳಗೆ ಹೋಗಿ ಕೇಳಿದರೆ ಇನ್ನೊಂದು ತುಂಡು ಕೊಟ್ಟಾರೇ ಎಂದು ಯೋಚಿಸುತ್ತಿದ್ದ.